ನೂರ ಎಂಬತ್ತಮೂರು ರಾತ್ರಿ

ಡ್ವೇನ್ ಪೆಟ್ರೋಸ್ಕಿಗೆ ಮನೆಯ ಯಜಮಾನನೆಂಬ ಪಟ್ಟ ಕಟ್ಟಿದ್ದು ಒಂದು ಕಂಪ್ಯೂಟರು. ಅಮೆರಿಕದ ಟೊಲೀಡೊ ಊರಿನ ಫ್ರಿಜ್ ಬಾಗಿಲಿನ ಕಾರ್ಖಾನೆಯಲ್ಲಿ ದುಡಿಯುವ ಈ ಮಹಾಶಯ, ತೆರಿಗೆ ಹೋಗಿ ಕೈಗೆಷ್ಟು ಸಂಬಳ ಬರುತ್ತದೆಂದು ನೋಡಲು ಜನವರಿಯಲ್ಲೊಮ್ಮೆ ಕೂತಿದ್ದ. ‘ಒಂಟಿ’ ಎಂದು ಒತ್ತಿದರೆ ಸಂಬಳ ಸೊರಗಿತು. ಮಕ್ಕಳನ್ನು ಜೊತೆಗಿಟ್ಟುಕೊಂಡು ಸಾಕುವ ಒಂಟಿಗರಿಗಿರುವ ‘ಮನೆಯ ಯಜಮಾನ’ ಎಂದು ಒತ್ತಿದರೆ ಮೈ ತುಂಬಿಕೊಂಡಿತು. ವಿಚ್ಛೇದನವಾಗಿ ನಾಲ್ಕು ವರ್ಷ. ಹದಿಮೂರರ ಮಗಳು ಟಾರಿನ್ ಹೆಚ್ಚಾಗಿ ಇರುವುದು ಜೋಡಿ ಎಂಬ ಹೆಸರಿನ ತಾಯಿಯ ಹತ್ತಿರ. ಆದರೂ ಡ್ವೇನ್ ಆಫೀಸಿಗೆ ಯಜಮಾನನೆಂದೇ ಬರೆದುಕೊಟ್ಟ. ತಿಂಗಳು ತಿಂಗಳು ಉಳಿದ ದುಡ್ಡಿನಲ್ಲಿ, ಹೆಪ್ಪುಗಟ್ಟಿದ ಕೆರೆಯ ಮೇಲೆ ಕೂತು ಮೀನು ಹಿಡಿಯಲು ಒಂದು ಗೂಡು ಕೊಂಡ.

ನವೆಂಬರ್ ಕೊನೆಯಲ್ಲಿ ಊಟದ ಹೊತ್ತಿಗೆ ಇದನ್ನೇ ಜಂಬದಿಂದ ಹೇಳಿಕೊಂಡಾಗ, ಪಕ್ಕದ ಯಂತ್ರದ ಲಿಯೋನಾ ಸ್ಯಾಂಡ್‌ವಿಚ್ ಕೆಳಗಿಟ್ಟಳು.

"ಅಯ್ಯೋ ಯಜಮಾನ್ರೇ, ಮಗು ವರ್ಷದಲ್ಲಿ ಅರ್ಧಕ್ಕಿಂತ ಜಾಸ್ತಿ ರಾತ್ರಿ ನಿಮ್ಮನೇಲಿ ಮಲಗಿರ್ಬೇಕು, ಗೊತ್ತಾ? ನೂರ ಎಂಬತ್ಮೂರು! ಇಲ್ದಿದ್ರೆ ಏಪ್ರಿಲ್‌ನಲ್ಲಿ ತೆರಿಗೆ ಲೆಕ್ಕ ಕೊಡೋವಾಗ ತಿಂದಿದ್ದೆಲ್ಲಾ ಕಕ್ಕಬೇಕಾಗತ್ತೆ."

ಡ್ವೇನ್ ಊಟದ ಡಬ್ಬಿ ಮುಚ್ಚಿ ಎದ್ದ. ಮನೆಗೆ ಬಂದು ಎಣಿಸಿದ. ಶನಿವಾರ, ಬುಧವಾರ, ಬೇಸಿಗೆ ರಜೆ ಎಲ್ಲ ಸೇರಿ ಡಿಸೆಂಬರ್ ಒಂಬತ್ತರ ತನಕ ನೂರ ಅರವತ್ತೊಂದು. ಇನ್ನೂ ಇಪ್ಪತ್ತೆರಡು ಬೇಕು. ಕೂಡಲೇ ಜೋಡಿಗೆ ಫೋನ್ ಮಾಡಿ, ಡಿಸೆಂಬರ್ ಹತ್ತರಿಂದ ವರ್ಷ ಮುಗಿಯುವ ತನಕ ಮಗಳು ತನ್ನಲ್ಲೇ ಇರಲಿ ಎಂದ.

"ಇದೇನು, ಇದ್ದಕ್ಕಿದ್ದಂಗೆ ಪ್ರೀತಿ ಉಕ್ಕಿ ಬಂತು?" ಎಂದಳು ಜೋಡಿ.

"ಅಪ್ಪ ಅಲ್ವೇನೇ ನಾನು?"

ಆಸ್ಪತ್ರೆಯಲ್ಲಿ ಎರಡೆರಡು ಪಾಳಿ ಮಾಡುತ್ತಿದ್ದ ಜೋಡಿ ಒಪ್ಪಿಕೊಂಡಳು.

ಪಾಪ, ಟಾರಿನ್ ನಂಬಿದಳು. ನಂಬದೆ ಏನು ಮಾಡಿಯಾಳು? ಬೆಳಗಾದರೆ ಪ್ಯಾನ್‌ಕೇಕು, ಮಲಗಲು ಹೊಸ ಹಾಸಿಗೆ. ಅಪ್ಪ ನನ್ನನ್ನು ಬಿಟ್ಟಿರುವುದೇ ಇಲ್ಲ ಎಂದು ಗೆಳತಿಯರಿಗೆಲ್ಲ ಹೇಳಿಕೊಂಡು ತಿರುಗಿದಳು. ಒಮ್ಮೆ ಜ್ವರ ಬಂದು "ಅಮ್ಮನ ಹತ್ರ ಬಿಡಪ್ಪಾ" ಎಂದು ಗೋಗರೆದಾಗ ಡ್ವೇನ್ ಸುತರಾಂ ಬಿಡಲಿಲ್ಲ. ಮೊದಲು ಅಡುಗೆಮನೆಯ ಕಪಾಟಿನ ಬಾಗಿಲ ಒಳಗಡೆ ಪೆನ್ಸಿಲಿನಿಂದ ಆ ದಿನದ ಗೀಟು ಎಳೆದ, ಆಮೇಲೆ ಥರ್ಮಾಮೀಟರ್ ಹುಡುಕಿದ. ಇಂಥ ಅಪ್ಪಂದಿರಿಗೆ ಏನೆನ್ನಬೇಕೋ ದೇವರೇ ಬಲ್ಲ.

ಡಿಸೆಂಬರ್ ಮೂವತ್ತೊಂದರ ಬೆಳಿಗ್ಗೆ ಟಾರಿನ್ ಪಾಕದ ಸೀಸೆ ಹುಡುಕುತ್ತಾ ಆ ಕಪಾಟು ತೆರೆದಳು. ಗೀಟುಗಳ ತಲೆಯ ಮೇಲೆ ‘ತೆರಿಗೆ: ೧೮೩’ ಎಂದು ಬರೆದಿತ್ತು. ಹುಡುಗಿ ದಡ್ಡಿಯಲ್ಲ, ಅರ್ಧ ಗಂಟೆ ಫೋನಿನಲ್ಲಿ ಓದಿ ಎಲ್ಲವನ್ನೂ ತಿಳಿದುಕೊಂಡಳು. ಬಳಿಕ ಅಮ್ಮನಿಗೆ ಫೋನ್ ಮಾಡಿ, ಬಟ್ಟೆ ಚೀಲಕ್ಕೆ ತುಂಬಿದಳು.

ಹೊರಗೆ ಜೋಡಿಯ ಕಾರು ಹಾರ್ನ್ ಹೊಡೆದಾಗಲೇ ಡ್ವೇನ್‌ಗೆ ಗೊತ್ತಾದದ್ದು. ಪ್ಯಾನ್‌ಕೇಕು ಮಗುಚುವ ಸೌಟು ಹಿಡಿದುಕೊಂಡೇ ಬಾಗಿಲಿಗೆ ಓಡಿದ.

"ಎಲ್ಲಿಗೇ? ನಾಳೆ ತಾನೇ ಹೋಗೋದು!"

"ಇವತ್ತೇ ಹೋಗ್ತೀನಿ."

"ಟಾರಿನ್, ನನ್ ಚಿನ್ನ, ಒಂದೇ ಒಂದು ರಾತ್ರಿ ಕಣೇ! ಇನ್ನೊಂದೇ ರಾತ್ರಿ ಇದ್ಬಿಡು, ಆಮೇಲೆ ನಿನ್ನಿಷ್ಟ."

ಟಾರಿನ್ ಮೆಟ್ಟಿಲ ಮೇಲೆ ನಿಂತಳು. ಚೀಲವನ್ನು ಹೆಗಲಿಗೇರಿಸಿಕೊಂಡಳು.

"ಬರೀ ‘ಇರು’ ಅಂದಿದ್ರೆ ಇರ್ತಿದ್ದೆ ಕಣಪ್ಪಾ."