ನಾಲ್ಕಕ್ಷರದ ಹೆಸರು

ನಮ್ಮ ಮನೆಯಲ್ಲಿ ನನ್ನನ್ನು ಪುಕ್ಕಲಿ ಎಂದೇ ಕರೆಯುತ್ತಾರೆ. ಅಕ್ಕ ಇಟ್ಟ ಹೆಸರು. ಚಿಕ್ಕಂದಿನಲ್ಲಿ ನಾಯಿ, ಗುಡುಗು, ಕತ್ತಲು, ಮಂಚದ ಅಡಿ, ಎಲ್ಲಕ್ಕೂ ಹೆದರುತ್ತಿದ್ದೆ. ದೊಡ್ಡವಳಾಗುತ್ತ ಒಂದೊಂದೇ ಭಯ ಬಿಟ್ಟುಹೋಯಿತು, ಲಿಫ್ಟಿನದು ಮಾತ್ರ ಹೋಗಲಿಲ್ಲ. ತಾನೇ ಬಾಗಿಲು ಮುಚ್ಚಿಕೊಳ್ಳುವ ಆ ಪೆಟ್ಟಿಗೆಯನ್ನು ಕಂಡರೆ ಸಾಕು, ಕೈಕಾಲು ತಣ್ಣಗಾಗುತ್ತವೆ. ಯಾಕೆ ಎಂದು ಕೇಳಬೇಡಿ, ನನಗೂ ಗೊತ್ತಿಲ್ಲ. ಎಲ್ಲಿಗೆ ಹೋದರೂ ನನಗೆ ಮೆಟ್ಟಿಲೇ ಗತಿ. ಅಕ್ಕ ಐದನೇ ಮಹಡಿಯಲ್ಲಿ ಮನೆ ಹಿಡಿದಾಗ, ನನ್ನನ್ನು ಗೋಳಾಡಿಸಲು ಬೇಕೆಂದೇ ಹಿಡಿದಿದ್ದೀಯಾ ಎಂದು ಜಗಳ ಆಡಿದ್ದೆ.

ಹತ್ತಿ ಇಳಿದು ಮಾಡಿ ಕೊನೆಗೆ ಆ ಮೆಟ್ಟಿಲುಗಳ ಮೇಲೇ ನನಗೆ ಪ್ರೀತಿ ಹುಟ್ಟಿತು. ನಡು ಸವೆದ ಕಲ್ಲಿನ ಮೆಟ್ಟಿಲು, ಹೆಜ್ಜೆಗೊಮ್ಮೆ ನರಳುವ ಮರದ ಮೆಟ್ಟಿಲು, ಆಸ್ಪತ್ರೆಯ ಹಿಂಬದಿಯಲ್ಲಿ ಯಾರೂ ಬಳಸದ ಕಬ್ಬಿಣದ ಮೆಟ್ಟಿಲು, ಎಲ್ಲದರ ಫೋಟೋ ತೆಗೆಯುತ್ತ ಬಂದೆ. ಅವನ್ನೆಲ್ಲ ಜೋಡಿಸಿ ಒಂದು ವೆಬ್‌ಸೈಟ್ ಮಾಡಬೇಕೆಂಬ ಆಸೆ ಬಂತು. ಅದಕ್ಕೊಂದು ಹೆಸರು ಬೇಕಾಯಿತು. ನನ್ನ ಪ್ರಾಣ ಹಿಂಡಿದ್ದು ಆ ಹೆಸರೇ.

ನಾನು ಕೆಲಸ ಮಾಡುವುದು ಹಲ್ಲಿನ ಡಾಕ್ಟರುಗಳಿಗೆ ಕಟ್ಟುಹಲ್ಲು ಮಾಡಿಕೊಡುವ ಒಂದು ಲ್ಯಾಬಿನಲ್ಲಿ. ಪಕ್ಕದ ಮೇಜಿನಲ್ಲಿ ಮೇಣದಲ್ಲಿ ಹಲ್ಲು ಕೊರೆಯುವವನಿಗೆ ಎಲ್ಲರೂ ಮೇಣದಣ್ಣ ಅನ್ನುತ್ತಾರೆ. ಅವನಿಗೆ ಕಂಪ್ಯೂಟರಿನ ಹುಚ್ಚು. ಕೊಳ್ಳುವುದಾದರೆ ಚಿಕ್ಕ ಹೆಸರನ್ನೇ ಕೊಳ್ಳು, ಫೋನಿನಲ್ಲಿ ಒಮ್ಮೆ ಹೇಳಿದರೆ ಆ ಕಡೆಯವರು ಮರುಪ್ರಶ್ನೆ ಕೇಳದೆ ಬರೆದುಕೊಳ್ಳುವಂತಿರಬೇಕು ಎಂದು ಅವನೇ ಹೇಳಿಕೊಟ್ಟ. ಹೇಳುವುದೇನೋ ಸುಲಭ. ಮೆಟ್ಟಿಲು, ಏಣಿ, ಹೆಜ್ಜೆ, ಯಾವುದನ್ನು ಹೊಡೆದು ನೋಡಿದರೂ ಯಾರೋ ಕೊಂಡಿಟ್ಟಿದ್ದರು. ಮೂರಕ್ಷರದ ಹೆಸರು ಜಗತ್ತಿನಲ್ಲಿ ಒಂದೂ ಉಳಿದಿರಲಿಲ್ಲ. ಕೊಂಡಿಟ್ಟವರು ಅದನ್ನು ಮಾರಲು ಒಂದು ಮನೆಯ ಬೆಲೆ ಹೇಳುತ್ತಿದ್ದರು. ಊಟದ ಬಿಡುವಿನಲ್ಲಿ ನಾವಿಬ್ಬರೂ ಬಾಯಿಗೆ ಬಂದ ಸದ್ದುಗಳನ್ನೆಲ್ಲ ಹೊರಡಿಸುತ್ತ ಕೂರುತ್ತಿದ್ದೆವು. ಲ್ಯಾಬಿನ ಯಜಮಾನರು ಒಮ್ಮೆ ಬಾಗಿಲಲ್ಲಿ ನಿಂತು ಕೇಳಿಸಿಕೊಂಡು, ಹಾಗೇ ಬಾಗಿಲೆಳೆದುಕೊಂಡು ವಾಪಸು ಹೋದರು.

ಒಂದು ಬೆಳಗ್ಗೆ ದವಡೆಹಲ್ಲೊಂದಕ್ಕೆ ಹೊಳಪು ಕೊಡುತ್ತಿದ್ದಾಗ ಹೆಸರು ತಾನಾಗಿಯೇ ಬಾಯಿಗೆ ಬಂತು. ನಾಲ್ಕೇ ಅಕ್ಷರ. ಅದಕ್ಕೆ ಅರ್ಥವಿಲ್ಲ, ಆದರೂ ಯಾವ ಕಾಲದಿಂದಲೋ ಗೊತ್ತಿರುವ ಹೆಸರಿನ ಹಾಗೆ ನಾಲಿಗೆಯ ಮೇಲೆ ಕೂತಿತು. ಅದನ್ನಿಲ್ಲಿ ಬರೆಯಲು ಈಗಲೂ ನನಗೆ ಕೈ ಬರುವುದಿಲ್ಲ. ಹುಡುಕಿ ನೋಡಿದರೆ ಖಾಲಿ ಇತ್ತು. ಯಾರೋ ಇಟ್ಟುಕೊಂಡಿದ್ದು, ವರ್ಷದ ಹಣ ಕಟ್ಟದೆ ಕೈಬಿಟ್ಟಿದ್ದರು. ಒಂದು ಜೊತೆ ಚಪ್ಪಲಿಯ ಬೆಲೆಗೆ ಅದು ನನ್ನದಾಯಿತು. ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ.

ಮೇಣದಣ್ಣ ಮಾತ್ರ ಒಂದು ಮಾತು ಹೇಳಿದ. ಚಿಕ್ಕ ಹೆಸರುಗಳು ಹಳೇ ಬಾಡಿಗೆ ಮನೆ ಇದ್ದ ಹಾಗೆ, ಮುಂಚೆ ಇದ್ದವರ ಕಾಗದಪತ್ರ ಸ್ವಲ್ಪ ದಿನ ಬರುತ್ತಲೇ ಇರುತ್ತವೆ ಎಂದ. ಆದರೂ ಆ ಹೆಸರಿಗೆ ಯಾವ ಮೇಲ್ ಬಂದರೂ ನನ್ನ ಫೋನಿಗೇ ಬಂದು ಬೀಳುವ ಹಾಗೆ ಅವನೇ ಮಾಡಿಕೊಟ್ಟ. ನಾಳೆ ಯಾರಾದರೂ ಮೆಟ್ಟಿಲಿನ ಫೋಟೋ ಕಳಿಸಿದರೆ ತಪ್ಪಿಹೋಗಬಾರದಲ್ಲ.

ಫೋಟೋ ಯಾರೂ ಕಳಿಸಲಿಲ್ಲ. ಬಂದ ಮೊದಲ ಮೇಲ್ ಹೀಗಿತ್ತು: ಪೂರ್ವ ಬ್ಲಾಕ್. ಲಿಫ್ಟ್ ಎರಡು. ಬಾಗಿಲಿಗೆ ಅಡ್ಡ ಬಂದಿದೆ. ಅದರ ಹಿಂದೆಯೇ ಇನ್ನೊಂದು ಬಂತು: ಲಿಫ್ಟ್ ಎರಡು. ಅಡ್ಡ ತೆರವಾಗಿದೆ.

ಲಿಫ್ಟ್ ಎಂಬ ಪದ ಕಂಡೇ ನನ್ನ ಎದೆ ಧಸಕ್ಕೆಂದಿತು. ಮೇಣದಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. ಆ ಹೆಸರು ಯಾವುದೋ ಲಿಫ್ಟ್ ರಿಪೇರಿ ಕಂಪನಿಯದಾಗಿತ್ತು, ಕಂಪನಿ ಬಾಗಿಲು ಹಾಕಿದೆ, ಅವರು ಎಂದೋ ಕೂರಿಸಿದ ಯಂತ್ರ ಮಾತ್ರ ಹಳೇ ವಿಳಾಸಕ್ಕೇ ವರದಿ ಒಪ್ಪಿಸುತ್ತಿದೆ ಎಂದು ಬಿಡಿಸಿ ಹೇಳಿದ. ಯಾರೋ ಬಾಗಿಲಿಗೆ ಕಾಲು ಕೊಟ್ಟುಕೊಂಡು ಹರಟೆ ಹೊಡೆಯುತ್ತಿರಬೇಕು. ಲೋಕದಲ್ಲಿ ಇಷ್ಟು ಜನ ಇದ್ದು, ಆ ಲಿಫ್ಟಿಗೆ ತನ್ನ ಕಷ್ಟ ಹೇಳಿಕೊಳ್ಳಲು ನಾನೇ ಸಿಕ್ಕಿದೆನಲ್ಲ ಎಂದು ನಾನೂ ನಗಲು ನೋಡಿದೆ.

ನಗು ಹೆಚ್ಚು ದಿನ ಬಾಳಲಿಲ್ಲ. ಮೇಲ್‌ಗಳ ಮಾತು ಬದಲಾಯಿತು. ಲಿಫ್ಟ್ ಎರಡು. ನೆಲಮಟ್ಟ ತಪ್ಪಿದೆ. ಮರುದಿನ ಮತ್ತೆ ಅದೇ. ಆಮೇಲೆ ದಿನಕ್ಕೆ ಹಲವು ಸಲ. ಕೊನೆಗೊಂದು ಬೆಳಗ್ಗೆ ಹೀಗೆ ಬಂತು: ಲಿಫ್ಟ್ ಎರಡು. ಬ್ರೇಕ್ ಸವೆದಿದೆ. ಲಿಫ್ಟ್ ನಿಲ್ಲಿಸಿ.

ಯಾರಿಗೆ ಹೇಳುತ್ತಿದೆ ಇದು? ನನಗೆ. ಈ ಮಾತು ತಲುಪುತ್ತಿದ್ದದ್ದು ಇಡೀ ಲೋಕದಲ್ಲಿ ನನಗೊಬ್ಬಳಿಗೇ. ಆ ಲಿಫ್ಟ್ ಎಲ್ಲಿದೆಯೋ ನನಗೆ ಗೊತ್ತಿಲ್ಲ. ಉತ್ತರ ಬರೆದರೆ ವಾಪಸು ಬಂತು. ನೆಟ್ಟಿನಲ್ಲಿ ಸಿಕ್ಕ ಹಳೇ ಕಂಪನಿಯ ನಂಬರಿಗೆ ಫೋನ್ ಮಾಡಿದರೆ ಯಾರೋ ಹಾಸಿಗೆ ಅಂಗಡಿಯವರು ಎತ್ತಿದರು. ಪೂರ್ವ ಬ್ಲಾಕ್ ಎಂಬುದು ಎಷ್ಟು ಕಟ್ಟಡಗಳಲ್ಲಿಲ್ಲ? ನಾನು ಕಟ್ಟುಹಲ್ಲಿನ ಮುಂದೆ ಕೂತು, ಯಾರೋ ಗುಂಡಿ ಒತ್ತುವುದನ್ನು, ಯಾರೋ ಮಗುವಿನ ಕೈ ಹಿಡಿದು ಒಳಗೆ ಹೋಗುವುದನ್ನು ಕಣ್ಣಾರೆ ಕಾಣುತ್ತಿದ್ದೆ. ಊಟ ಸೇರುತ್ತಿರಲಿಲ್ಲ. ಆ ಮೇಲ್‌ಗಳನ್ನು ತಡೆಹಾಕಿ ನೆಮ್ಮದಿಯಾಗಿರು ಎಂದ ಮೇಣದಣ್ಣ. ಬ್ರೇಕ್ ಅಷ್ಟು ಕೆಟ್ಟಿದ್ದರೆ ಲಿಫ್ಟ್ ತಾನೇ ನಿಲ್ಲುವುದಿಲ್ಲವೇ ಎಂದು ಕೇಳಿದೆ.

ಅವನು ಮೇಣದ ಚಾಕು ಕೆಳಗಿಟ್ಟ. ಮೊದಲ ಬಾರಿ ಅವನ ಮುಖದಲ್ಲಿ ನಗು ಇರಲಿಲ್ಲ.

“ಹಳೇ ಲಿಫ್ಟಾದ್ರೆ ನಿಲ್ಲಲ್ಲ, ಬ್ರೇಕ್ ಪೂರ್ತಿ ಹೋದ್ರೆ ಹಗ್ಗದ ಆ ಕಡೆಯ ತೂಕ ಖಾಲಿ ಲಿಫ್ಟನ್ನ ಮೇಲಕ್ಕೆ ಎಳೆದುಬಿಡುತ್ತೆ. ಮೇಲ್ ಕಳಿಸ್ತಿರೋದು ಆಮೇಲೆ ತಂದು ಅಂಟಿಸಿರೋ ಚಾಡಿಕೋರ ಪೆಟ್ಟಿಗೆ. ಹೇಳೋದಷ್ಟೇ ಅದರ ಕೆಲಸ.”

ಆ ವಾರ ಅಕ್ಕನ ಮನೆಗೆ ಹೋದಾಗ ನಾನು ಇದನ್ನೆಲ್ಲ ಹೇಳಲಿಲ್ಲ. ಹೇಳಿದರೆ ವರ್ಷವಿಡೀ ಆಡಿಕೊಂಡು ನಗಲು ಅವಳಿಗೊಂದು ವಿಷಯವಾಗುತ್ತಿತ್ತು. ಮಂಡಿಯ ಆಪರೇಷನ್ ಆಗಿ ಕೋಲು ಹಿಡಿದು ಓಡಾಡುತ್ತಿದ್ದಳು. ಬಾಯಿ ಮಾತ್ರ ಯಾವ ಆಪರೇಷನ್ನಿಗೂ ಬಗ್ಗಿರಲಿಲ್ಲ. ವ್ಯಾಯಾಮ ಹೇಳಿಕೊಡುವವರ ಹತ್ತಿರ ದಿನ ಬಿಟ್ಟು ದಿನ ಹೋಗಬೇಕಿತ್ತು. ನಮ್ಮ ಲಿಫ್ಟ್ ಈಚೆಗೆ ಹೊಸ್ತಿಲು ಇಟ್ಟುಕೊಂಡಿದೆ ಕಣೇ, ಕೆಳಗೆ ಹೋದರೆ ಗೇಣೆತ್ತರದಲ್ಲಿ ನಿಲ್ಲುತ್ತದೆ, ಮೊನ್ನೆ ಮುಗ್ಗರಿಸಿದೆ ಎಂದು ತಮಾಷೆ ಮಾಡಿದಳು. ಕೇಳಿಸಿಕೊಂಡೆ. ಮೂರ್ಖಳ ಹಾಗೆ ನಾನೂ ನಕ್ಕು, ಮೆಟ್ಟಿಲಿಳಿದು ಮನೆಗೆ ಬಂದೆ.

ಮರುದಿನ ಲ್ಯಾಬಿನಲ್ಲಿ ಕೆಲಸವಿಲ್ಲದ ಹೊತ್ತಿನಲ್ಲಿ, ವೆಬ್‌ಸೈಟಿನ ಮೊದಲ ಪುಟಕ್ಕೆ ಯಾವ ಫೋಟೋ ಹಾಕಲಿ ಎಂದು ನೋಡುತ್ತಿದ್ದೆ. ನಾನು ಮೊಟ್ಟಮೊದಲು ತೆಗೆದದ್ದು ಅಕ್ಕನ ಕಟ್ಟಡದ ಮೆಟ್ಟಿಲನ್ನೇ. ಅದನ್ನೇ ಹಾಕೋಣವೆಂದು ದೊಡ್ಡದು ಮಾಡಿದೆ. ಫೋಟೋದ ಅಂಚಿನಲ್ಲಿ ಲಿಫ್ಟಿನ ಬಾಗಿಲು ಅರ್ಧ ಬಿದ್ದಿತ್ತು. ಬಾಗಿಲ ಪಕ್ಕ ಹಿತ್ತಾಳೆಯದೊಂದು ಪುಟ್ಟ ಫಲಕ. ಫಲಕದ ಮೇಲೆ ನಾಲ್ಕಕ್ಷರ.

ನನ್ನ ಹೆಸರು. ನಾನೇ ಹುಟ್ಟಿಸಿದೆನೆಂದು ಬೀಗಿದ ಹೆಸರು. ವಾರವಾರವೂ ಆ ಲಿಫ್ಟಿನತ್ತ ಕಣ್ಣು ಹಾಯಿಸಬಾರದೆಂದು ಮುಖ ತಿರುಗಿಸಿ ಮೆಟ್ಟಿಲಿಗೆ ಓಡುವಾಗ, ಆ ಫಲಕವನ್ನು ನಾನು ಓದಿಕೊಂಡೇ ಹೋಗಿದ್ದೆ. ಅಕ್ಕನ ಕಟ್ಟಡಕ್ಕೂ ಎರಡು ಬ್ಲಾಕು, ಬ್ಲಾಕಿಗೊಂದು ಲಿಫ್ಟು. ಅಕ್ಕನದು ಪೂರ್ವದ್ದು, ಲಿಫ್ಟ್ ಎರಡು. ಅಂದು ಅವಳು ವ್ಯಾಯಾಮಕ್ಕೆ ಹೋಗುವ ದಿನ.

ಅಕ್ಕನಿಗೆ ಫೋನ್ ಮಾಡಿದೆ. ಬಟ್ಟೆ ಹಾಕಿಕೊಳ್ಳುತ್ತಿದ್ದಳು. ಲಿಫ್ಟಿಗೆ ಕಾಲಿಡಬೇಡ, ಬ್ರೇಕ್ ಹೋಗಿದೆ ಎಂದು ಒಂದೇ ಉಸಿರಿಗೆ ಹೇಳಿದೆ. ಹೇಗೆ ಗೊತ್ತು ಎಂದಳು. ಲಿಫ್ಟೇ ನನಗೆ ಮೇಲ್ ಮಾಡಿದೆ ಎಂದುಬಿಟ್ಟೆ. ಸತ್ಯವೇ, ಆದರೆ ಹೇಳಿದ ಮೇಲೆ ನನ್ನ ಕಿವಿಗೇ ಹುಚ್ಚಿಯ ಮಾತಿನ ಹಾಗೆ ಕೇಳಿಸಿತು. ಆ ಕಡೆ ಅಕ್ಕ ಕೆಮ್ಮು ಬರುವ ತನಕ ನಕ್ಕಳು. ಐದು ಮಹಡಿ ಈ ಮಂಡಿಯಲ್ಲಿ ಇಳೀಲಾ ಪುಕ್ಕಲಿ, ಎಂದು ಫೋನ್ ಇಟ್ಟಳು. ಮತ್ತೆ ಮಾಡಿದರೆ ಎತ್ತಲಿಲ್ಲ.

ಏಪ್ರನ್ ಕೂಡ ಬಿಚ್ಚದೆ ಓಡಿದೆ. ಎರಡು ಬೀದಿ ಆಚೆ ಅವಳ ಮನೆ. ಹಿಂದೆ ಮೇಣದಣ್ಣ ಏನೋ ಕೂಗಿದ, ನಿಲ್ಲಲಿಲ್ಲ.

ಕೆಳಗಿನ ಹಜಾರದಲ್ಲಿ ಕಾವಲಿನವನು ಕುರ್ಚಿಯ ಮೇಲೆ ಕೂತಿದ್ದ. ಲಿಫ್ಟ್ ನಿಲ್ಲಿಸಿ ಎಂದೆ. ಓಡ್ತಾ ಇದೆಯಲ್ಲಮ್ಮ ಎಂದ. ಅದನ್ನು ನಿಲ್ಲಿಸುವ ಸ್ವಿಚ್ಚು ಮಾಳಿಗೆಯ ಕೋಣೆಯಲ್ಲಿದೆಯಂತೆ, ಕೋಣೆಯ ಬೀಗದ ಕೈ ಕಟ್ಟಡದ ಸಂಘದ ಕಾರ್ಯದರ್ಶಿಯವರ ಹತ್ತಿರ, ಅವರು ಊರಲ್ಲಿಲ್ಲ. ಅವನು ಇದನ್ನು ಹೇಳುತ್ತಿದ್ದಾಗಲೇ ಮಗುವಿನ ಗಾಡಿ ತಳ್ಳಿಕೊಂಡು ಒಬ್ಬ ಹೆಂಗಸು ಬಂದು ಗುಂಡಿ ಒತ್ತಿದಳು. ಲಿಫ್ಟ್ ಅಲ್ಲೇ ಇತ್ತು. ಬಾಗಿಲು ತೆರೆಯಿತು. ಒಳಗಿನ ನೆಲ ಹೊರಗಿನದಕ್ಕಿಂತ ಗೇಣು ಮೇಲಿತ್ತು. ಅವಳು ಗಾಡಿಯ ಮುಂದಿನ ಚಕ್ರ ಎತ್ತಿದಳು.

ಬಾಗಿಲಿಗೆ ಅಡ್ಡ ಬಂದರೆ ಲಿಫ್ಟ್ ಹೊರಡುವುದಿಲ್ಲ. ಅಷ್ಟು ಮಾತ್ರ ನನಗೆ ಗೊತ್ತಿತ್ತು, ಅದನ್ನು ಲಿಫ್ಟೇ ಹೇಳಿಕೊಟ್ಟಿತ್ತು. ಗಾಡಿಯನ್ನು ಹಿಂದಕ್ಕೆ ನೂಕಿ, ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇಟ್ಟು ನಿಂತುಬಿಟ್ಟೆ. ಹುಟ್ಟಿದಾಗಿನಿಂದ ಇಡದ ಕಾಲು. ಬಾಗಿಲು ಬಂದು ಭುಜಕ್ಕೆ ಬಡಿಯಿತು, ಹಿಂದೆ ಸರಿಯಿತು, ಮತ್ತೆ ಬಡಿಯಿತು. ಜೇಬಿನಲ್ಲಿ ಫೋನ್ ಗುಂಯ್‌ಗುಟ್ಟಿತು. ತೆಗೆದು ನೋಡಿದೆ. ಪೂರ್ವ ಬ್ಲಾಕ್. ಲಿಫ್ಟ್ ಎರಡು. ಬಾಗಿಲಿಗೆ ಅಡ್ಡ ಬಂದಿದೆ.

ಅದು ಹೇಳುತ್ತಿದ್ದದ್ದು ನನ್ನ ಬಗ್ಗೆ. ಇದೇ ಲಿಫ್ಟ್ ಎಂಬುದರಲ್ಲಿ ಇನ್ನು ಅನುಮಾನವೇ ಉಳಿಯಲಿಲ್ಲ. ಅಳು ಬಂತು.

ಗಾಡಿಯ ಹೆಂಗಸು ಮೊದಲು ಬೇಡಿಕೊಂಡಳು, ಆಮೇಲೆ ಬೈದಳು. ಮಗುವಿನ ಹಾಲಿನ ಹೊತ್ತಾಗಿತ್ತು, ಅವಳದೂ ತಪ್ಪಲ್ಲ. ಕಾವಲಿನವನು ಒಳ್ಳೆಯ ಮಾತಲ್ಲಿ ಈಚೆ ಬನ್ನಿ ಎಂದ, ಪೊಲೀಸರನ್ನು ಕರೆಯುತ್ತೇನೆ ಎಂದ. ನಾನು ಮೇಲ್ ತೋರಿಸಿದೆ. ಕನ್ನಡಕ ತಂದಿಲ್ಲ ಎಂದ. ಮೇಲೆ ಅಕ್ಕ ಗುಂಡಿ ಒತ್ತಿ ಒತ್ತಿ ಸಾಕಾಗಿ, ಮೆಟ್ಟಿಲ ಕಟಕಟೆಯ ಮೇಲಿಂದ ಬಗ್ಗಿ ಯಾರದು ಲಿಫ್ಟ್ ಹಿಡಿದಿರೋದು ಎಂದು ಕೂಗಿದಳು. ನಾನೇ ಕಣಕ್ಕ ಎಂದೆ. ಆಮೇಲೆ ಅವಳ ಕೋಲು ಮೆಟ್ಟಿಲ ಮೇಲೆ ಟಕ್ಕೆಂದಿತು. ಮತ್ತೊಮ್ಮೆ ಟಕ್ಕೆಂದಿತು. ಒಂದೊಂದು ಮೆಟ್ಟಿಲಿಗೂ ನನಗೊಂದೊಂದು ಬೈಗುಳ ಇಳಿದು ಬಂತು. ಬೈಸಿಕೊಳ್ಳುವುದು ಇಷ್ಟು ಹಿತವಾಗಿರುತ್ತದೆಂದು ನನಗೆ ಗೊತ್ತಿರಲಿಲ್ಲ. ಬೈಯುತ್ತಿದ್ದಾಳೆ ಎಂದರೆ ಮೆಟ್ಟಿಲ ಮೇಲಿದ್ದಾಳೆ.

ಕೊನೆಯ ತಿರುವಿನಲ್ಲಿ ಅವಳ ಮುಖ ಕಂಡಿತು. ನೋವಿಗೂ ಸಿಟ್ಟಿಗೂ ಕೆಂಪಾಗಿತ್ತು. ನೆಟ್ಟಗೆ ನನ್ನತ್ತ ಬಂದಳು.

“ಊರ ಜನರ ಮುಂದೆ ಏನೇ ಇದು ನಿನ್ನ ಅವತಾರ? ಬಾ ಈಚೆ.”

“ನೀನು ಹತ್ತಲ್ಲ ಅಂತ ಹೇಳಕ್ಕ. ಬರ್ತೀನಿ.”

ಅವಳು ಬಾಯಿ ತೆರೆದಳು. ಅಷ್ಟರಲ್ಲಿ ನನ್ನ ಒಳಗಿನ ಕಾಲು ಮೇಲೇರಿತು. ನಾನು ಎತ್ತಿರಲಿಲ್ಲ. ಕಾಲಡಿಯ ನೆಲವೇ ಸದ್ದಿಲ್ಲದೆ, ಬಾಗಿಲು ತೆರೆದಿರುವಾಗಲೇ, ಮೇಲಕ್ಕೆ ಜಾರುತ್ತಿತ್ತು. ಮಂಡಿ ಸೊಂಟದ ಮಟ್ಟಕ್ಕೆ ಬಂತು. ಎತ್ತರದ ಮೆಟ್ಟಿಲೊಂದನ್ನು ಹತ್ತಲು ಹೊರಟವಳ ಹಾಗೆ ನಿಂತಿದ್ದೆ. ಮೇಲಿನ ಚೌಕಟ್ಟು ಕಣ್ಣಿಗೆ ಬಿತ್ತು. ಕಾಲು ಕಿತ್ತು ಬರಲಿಲ್ಲ. ಅಕ್ಕ ಕೋಲು ಬಿಸಾಡಿ ಎರಡೂ ಕೈಯಿಂದ ನನ್ನ ಏಪ್ರನ್ ಹಿಡಿದು ಎಳೆದಳು. ಇಬ್ಬರೂ ಹಿಂದಕ್ಕೆ ಬಿದ್ದೆವು.

ಲಿಫ್ಟ್ ತನ್ನಷ್ಟಕ್ಕೆ ತಾನು ಮೇಲೆ ಹೋಯಿತು, ನೋಡನೋಡುತ್ತ ವೇಗ ಹೆಚ್ಚಿತು. ಬಾಗಿಲು ತೆರೆದಿದ್ದ ಜಾಗದಲ್ಲಿ ಕತ್ತಲೆಯ ಗುಂಡಿ ಮಾತ್ರ ಉಳಿಯಿತು. ಎಲ್ಲೋ ಮಾಳಿಗೆಯ ಹತ್ತಿರ ಕಟ್ಟಡವೇ ಅದುರುವಂಥ ಸದ್ದಾಯಿತು. ಗಾಡಿಯ ಹೆಂಗಸು ಮಗುವನ್ನು ಎತ್ತಿ ಎದೆಗೆ ಅವುಚಿಕೊಂಡು ಗೋಡೆಗೆ ಒರಗಿದಳು. ಕಾವಲಿನವನು ಕುರ್ಚಿಯನ್ನು ತಂದು ಆ ಗುಂಡಿಯ ಮುಂದೆ ಅಡ್ಡ ಇಟ್ಟ.

ನೆಲದ ಮೇಲೆ, ಅಕ್ಕನ ಪಕ್ಕದಲ್ಲೇ ಬಿದ್ದಿದ್ದ ನನ್ನ ಫೋನ್ ಗುಂಯ್‌ಗುಟ್ಟಿತು. ಅವಳೇ ಎತ್ತಿಕೊಂಡು ಓದಿದಳು. ಮತ್ತೊಮ್ಮೆ ಓದಿ ನನ್ನ ಕಡೆಗೆ ತಿರುಗಿಸಿದಳು.

ಲಿಫ್ಟ್ ಎರಡು. ಅಡ್ಡ ತೆರವಾಗಿದೆ.

ನನ್ನ ಏಪ್ರನ್ನಿನ ತುದಿ ಅಕ್ಕನ ಮುಷ್ಟಿಯಲ್ಲೇ ಇತ್ತು. ಪೊಲೀಸರು ಬಂದು ಕೇಳುವಾಗಲೂ ಅವಳು ಅದನ್ನು ಬಿಡಲಿಲ್ಲ.