ತಟ್ಟೆಯ ಎರಡನೆಯ ಮೊಟ್ಟೆ

ಹೊಲಿಗೆ ಯಂತ್ರದ ಅಂಚು ತಗುಲಿ ಅಮ್ಮನ ಮೊಣಕಾಲ ಕೆಳಗೆ ಆದ ಗಾಯ ಮಾಯುವ ಲಕ್ಷಣವೇ ಇರಲಿಲ್ಲ. ವಾರಗಟ್ಟಲೆ ಪಟ್ಟಿ ಕಟ್ಟಿದರೂ ಬಾಯಿ ಬಿಟ್ಟುಕೊಂಡೇ ಇತ್ತು. ಬಸ್ ಮೆಕ್ಯಾನಿಕ್ ಆಗಿದ್ದ ಮಗನಿಗೆ ತಲೆ ಚಿಟ್ಟು ಹಿಡಿದಿತ್ತು. ಮತ್ತೆ ರಜೆ ಹಾಕಿ ಆಸ್ಪತ್ರೆಗೆ ಬಂದವನು ನರ್ಸ್ ಮೇಲೆ ಹರಿಹಾಯ್ದ.

“ಬರೀ ಮುಲಾಮು ಬದಲಾಯಿಸಿದ್ದೇ ಬಂತು ಮೇಡಂ. ಇದಕ್ಕಿಂತ ಗಟ್ಟಿ ಔಷಧಿ ಇಲ್ವಾ?”

“ಸಕ್ಕರೆ ಕಾಯಿಲೆ ಇಲ್ಲ, ರಕ್ತ ನೋಡಿದ್ದಾಯ್ತು. ಊಟಕ್ಕೆ ಏನು ಕೊಡ್ತೀರಿ?”

“ಮನೇಲಿ ಏನು ಕಡಿಮೆ? ಮೊಟ್ಟೆ, ಕಾಳು, ಹಾಲು, ಎಲ್ಲಾ ಇದೆ.”

“ಮನೇಲಿ ಇರೋದು ಕೇಳಲಿಲ್ಲ, ಇವರ ಹೊಟ್ಟೆಗೆ ಹೋಗೋದು ಕೇಳಿದೆ,” ಎಂದಳು ನರ್ಸ್, ಪಟ್ಟಿ ಬಿಚ್ಚುತ್ತ. “ಮುಲಾಮು ಗಾಯ ಕೆಡದ ಹಾಗೆ ಕಾಯುತ್ತೆ. ಹೊಸ ಮಾಂಸ, ಚರ್ಮ ಕಟ್ಟೋಕೆ ಪ್ರೋಟೀನ್ ಬೇಕು. ತಿನ್ನದಿದ್ರೆ ಮೈ ತನ್ನನ್ನೇ ತಾನು ಕರಗಿಸಿಕೊಳ್ಳುತ್ತೆ. ಇವರ ತೋಳು ನೋಡಿ.”

ಅಮ್ಮ ತೋಳನ್ನು ಸೆರಗಿನೊಳಗೆ ಎಳೆದುಕೊಂಡರು.

ಮನೆಗೆ ಬಂದವನೇ ಹೆಂಡತಿಯ ಮೇಲೆ ರೇಗಿದ. “ಅಮ್ಮನಿಗೆ ಸರಿಯಾಗಿ ಬಡಿಸೋಕೂ ಆಗಲ್ವಾ ನಿನಗೆ?”

ಅವಳು ಸೌಟು ಕೆಳಗಿಟ್ಟಳು. “ದಿನಾ ಮೂರು ಮೊಟ್ಟೆ ಬೇಯಿಸ್ತೀನಿ, ತಲೆಗೊಂದು. ನಿಮ್ಮ ತಟ್ಟೇಲಿ ಎರಡು ಇರುತ್ತಲ್ಲ, ಎರಡನೇದು ಎಲ್ಲಿಂದ ಬಂತು ಅಂತ ಯಾವತ್ತಾದ್ರೂ ಕೇಳಿದ್ದೀರಾ?”

ಅವನು ಅಮ್ಮನತ್ತ ನೋಡಿ, ಮತ್ತೆ ಹೆಂಡತಿಯತ್ತ ತಿರುಗಿದ. “ಗೊತ್ತಿದ್ದೂ ಯಾಕೆ ಹೇಳಲಿಲ್ಲ?”

“ಹೇಳಿದ್ರೆ ತಾಯಿ ಮಗನ ಮಧ್ಯೆ ಕಡ್ಡಿ ಗೀರಿದೆ ಅಂತಿದ್ರಿ.”

“ಅವಳನ್ನ ಯಾಕೋ ಬೈತೀಯ?” ಎಂದರು ಅಮ್ಮ. “ನಾನೇ ಇಟ್ಟೆ. ಬಸ್ಸಿನ ಕೆಳಗೆ ಮಲಗಿ ಕಬ್ಬಿಣ ಎಳೆಯೋ ಮೈ ನಿಂದು. ಕೂತು ಹೊಲಿಯೋಳಿಗೆ ಅನ್ನದ ಮೇಲೆ ತಿಳಿಸಾರು ಬಿದ್ರೆ ಸಾಲದಾ? ನಮ್ಮಮ್ಮನೂ ಹಾಗೇ ಬದುಕಿದಳು.”

“ಹೇಗೆ ಬದುಕಿದಳು? ಕೊನೆಗೆ ಗೋಡೆ ಹಿಡಿದುಕೊಂಡು ಓಡಾಡ್ತಿದ್ಲು ಅಂತ ನೀನೇ ಹೇಳ್ತೀಯಲ್ಲಮ್ಮ.”



ಊಟಕ್ಕೆ ಕೂತಾಗ ಅಮ್ಮನ ಕೈ ಅಭ್ಯಾಸಬಲದಿಂದ ಮೊಟ್ಟೆಯನ್ನು ಮಗನ ತಟ್ಟೆಗೆ ದಾಟಿಸಿತು. ಅವನು ಅದನ್ನು ತಿರುಗಿ ಅಮ್ಮನ ತಟ್ಟೆಗೇ ಹಾಕಿ, ಕೈಕಟ್ಟಿ ಕೂತ. “ನೀನು ತಿನ್ನೋವರೆಗೂ ನಾನು ಮುಟ್ಟಲ್ಲ.”

“ಒಳ್ಳೇ ಪೊಲೀಸ್ ಕಾವಲು,” ಎಂದು ಗೊಣಗುತ್ತ ಅಮ್ಮ ಮೊಟ್ಟೆ ಮುರಿದು ಬಾಯಿಗಿಟ್ಟರು. ಅಗಿಯುತ್ತಲೇ ಮಗನನ್ನು ದುರುಗುಟ್ಟಿ ನೋಡಿದರು. “ನನ್ನ ತಟ್ಟೆ ಕಾಯ್ತಾ ಕೂತಿದ್ದೀಯಲ್ಲ, ಒಲೆ ಹತ್ರ ನಿಂತೋಳು ಏನು ತಿಂತಾಳೆ, ಅದನ್ನ ನೋಡಿದ್ದೀಯಾ? ತನ್ನ ಪಾಲಿನ ಮೊಟ್ಟೇನ ನಾಳೆ ನಿನ್ನ ಬುತ್ತಿಗೆ ಅಂತ ಎತ್ತಿಟ್ಟಿದ್ದಾಳೆ. ನಾನು ಕಣ್ಣಾರೆ ನೋಡಿದೆ.”

ಅವನು ತಿರುಗಿದ. ಹೆಂಡತಿ ಪಾತ್ರೆಯ ತಳದ ಅನ್ನಕ್ಕೆ ಸಾರಿನ ನೀರು ಕಲಸಿಕೊಂಡು ನಿಂತೇ ತಿನ್ನುತ್ತಿದ್ದಳು. ಅವನು ನೋಡಿದ್ದು ಕಂಡು ಅವಳ ಕೈ ಅರ್ಧಕ್ಕೇ ನಿಂತಿತು.

“ಏನು ಹೆಂಗಸರೋ ನೀವು,” ಎಂದ. ಬಯ್ಯಬೇಕೆಂದೇ ಹೊರಟಿದ್ದ ದನಿ ನಡುವೆ ಕುಸಿಯಿತು. ಎದ್ದು ಬುತ್ತಿಯ ಡಬ್ಬಿ ತೆರೆದು ಅದರಲ್ಲಿದ್ದ ಮೊಟ್ಟೆಯನ್ನು ಒಂದು ತಟ್ಟೆಗೆ ಹಾಕಿದ. ಸಾರಿನ ಪಾತ್ರೆಯ ತಳ ಕಲಕಿ ಗಟ್ಟಿ ಕಾಳನ್ನೆಲ್ಲ ಅದರ ಪಕ್ಕಕ್ಕೆ ಬಡಿಸಿ, ತಂದು ತನ್ನ ತಟ್ಟೆಯ ಬಳಿ ಇಟ್ಟ.

“ಬಾ, ಕೂತ್ಕೋ.”

“ಮೊದಲು ಜಾಗ ಬಿಡಿ,” ಎಂದಳು ಅವಳು.

ಅವನು ಸರಿದು ಕೂತ.