ಗುಡುಗಿಗೆ ಕಿತ್ತ ಪ್ಲಗ್ಗು

ಬೆರಳು ಕೆಳಗೆ ಎಳೆದರೆ ಪುಟವೂ ಬೆರಳಿನ ಜೊತೆಗೇ ಕೆಳಗೆ ಬರುತ್ತಿದೆ, ಮನೆಯ ಮೌಸಿನಲ್ಲಿ ಇದು ಉಲ್ಟಾ, ಅಲ್ಲಿ ಚಕ್ರ ಕೆಳಗೆ ತಿರುಗಿಸಿದರೆ ಪುಟ ಮೇಲಕ್ಕೆ ಓಡುತ್ತಿತ್ತು — ಓಡುತ್ತಿತ್ತು, ಈಗ ಚಕ್ರವೂ ಇಲ್ಲ, ಕಂಪ್ಯೂಟರೂ ಇಲ್ಲ — ಮಾನಸಾ ಎರಡು ಬೆರಳನ್ನು ಮತ್ತೆ ಲ್ಯಾಪ್‌ಟಾಪಿನ ಮೇಲೆ ಜಾರಿಸಿದಳು, ತಣ್ಣಗಿದೆ, ತೊಳೆದಿಟ್ಟ ಸ್ಟೀಲ್ ತಟ್ಟೆಯ ಬೆನ್ನು ಸವರಿದ ಹಾಗೆ, ನಾಲ್ಕು ದಿನ ತಡಕಾಡ್ತೀಯ ಆಮೇಲೆ ಕೈಗೆ ಕೂತ್ಕಂಡ್ಬುಡುತ್ತೆ ಕಣಮ್ಮಾ ಅನ್ನುತ್ತಿದ್ದಾನೆ ಗಾಜಿನ ಕೌಂಟರಿನ ಆಚೆ ನಿಂತ ಮುನೀರಣ್ಣ, ಸಕಲೇಶಪುರದ ಈ ಅಂಗಡಿ ಅವನದು, ಮನೆಯ ಹಳೇ ಡೆಸ್ಕ್‌ಟಾಪು ಜೋಡಿಸಿಕೊಟ್ಟವನೂ ಅವನೇ, ಹೋದ ವಾರ ಅದರ ಹೊಟ್ಟೆ ಬಿಚ್ಚಿ, ಮೂಸಿ ನೋಡಿ, ಒಳಗೆಲ್ಲ ಕರಟಿಹೋಗ್ಬುಟ್ಟೈತೆ, ಏನೂ ಉಳಿದಿಲ್ಲ ಅಂದವನೂ ಅವನೇ. ವಿಂಡೋಸ್ ಕಲಿತ ಕೈಗೆ ಮ್ಯಾಕ್ ಮೊದಮೊದಲು ಎಡಗೈಯಲ್ಲಿ ಉಂಡಂಗೆ ಅನ್ಸುತ್ತೆ ಅಂತ ಬೇರೆ ಸಮಾಧಾನ ಹೇಳುತ್ತಾನೆ, ಅವನಿಗೇನು ಗೊತ್ತು, ಅವಳ ಕೈ ಆಗಲೇ ಕಲಿತುಬಿಟ್ಟಿದೆ, ಕಂಟ್ರೋಲ್ ಕೀ ಬದಲು ಕಮಾಂಡ್ ಕೀ, ಕಿರುಬೆರಳಿನ ಕೆಲಸ ಹೆಬ್ಬೆರಳಿಗೆ, ಹಳೇದು ಇನ್ನೂ ಜೀವಂತ ಇದ್ದಾಗಲೇ ಅದರ ಎದುರಿಗೆ ಕೂತು ಗಾಳಿಯಲ್ಲಿ ಬೆರಳು ಆಡಿಸಿ ಆಡಿಸಿ ಕಲಿತದ್ದು, ಮನೆಯಲ್ಲಿ ಹುಷಾರಿಲ್ಲದವರು ಮಲಗಿರುವಾಗಲೇ ಅವರ ಕೋಣೆ ಯಾರಿಗೆ ಅಂತ ಲೆಕ್ಕ ಹಾಕಿದ ಹಾಗಲ್ಲವೇನೇ ಅದು, ಥೂ. ಹಾಸನದ ಕಾಲೇಜಿನಲ್ಲಿ ವಿಡಿಯೋ ಎಡಿಟಿಂಗ್ ತರಗತಿಯವರೆಲ್ಲ ಮ್ಯಾಕ್ ತಂದಿದ್ದರು, ಅವರು ಕೊಟ್ಟ ಫೈಲು ಅವಳ ಮನೆಯಲ್ಲಿ ತೆರೆಯುತ್ತಿರಲಿಲ್ಲ, ತೆರೆದರೆ ಫ್ಯಾನು ಅಕ್ಕಿ ಗಿರಣಿಯ ಹಾಗೆ ಗುಂಯ್ ಅನ್ನುತ್ತಿತ್ತು, ಬೇರೆಯದು ಕೊಡಿಸಿ ಅಂದರೆ ಅಪ್ಪ ಶುಂಠಿ ಹೊಲದ ಮಣ್ಣು ಕಾಲಿಂದ ತೊಳೆಯುತ್ತಾ, ಓಡ್ತಿರೋದನ್ನ ಯಾಕೆ ಬುಡ್ಬೇಕು, ಅದು ಕೆಟ್ಟ ದಿನ ನೋಡನ ಅಂದಿದ್ದರು. ಕೆಟ್ಟ ದಿನ. ಹಿಂದೆ ಗೋಡೆಗೆ ಆನಿಸಿದ ಬೆಂಚಿನ ಮೇಲೆ ಅಜ್ಜಯ್ಯ ಕೂತಿದ್ದಾರೆ, ಅಪ್ಪನ ಅಪ್ಪ, ಶಾಂತಮಲ್ಲಪ್ಪ, ತಿರುಗಿ ನೋಡಬಾರದು, ನೋಡಿದರೆ ಆ ಕೈ ಕಾಣುತ್ತದೆ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆ ತುಂಬ ವಿಭೂತಿ, ಆಲೂರಿನಿಂದ ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಜೇಬು ಮುಟ್ಟಿ ನೋಡಿಕೊಂಡರು, ಅಟ್ಟದ ಮೇಲೆ ಒಳ್ಳೇ ಬೆಲೆ ಬರಲಿ ಅಂತ ಇಟ್ಟಿದ್ದ ಮೆಣಸು ಮಾರಿದ ದುಡ್ಡು, ನನ್ನಿಂದ ಹಾಳಾಗಿದ್ದು ನಾನೇ ಕೊಡಿಸ್ಬೇಕು, ಅದು ನ್ಯಾಯ, ಅಂದರು, ಅಪ್ಪ ಎಷ್ಟು ಬೇಡವೆಂದರೂ ಕೇಳಲಿಲ್ಲ. ನನ್ನಿಂದ ಅಂದಾಗ ಅವಳು ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದಳು, ರೊಟ್ಟಿ ಮುರಿದು ತಿನ್ನುತ್ತಾ.

ಅವತ್ತು ಪ್ಲಗ್ಗನ್ನು ಅಜ್ಜಯ್ಯನೇ ಕಿತ್ತಿದ್ದರು, ಯಾವಾಗಲೂ ಅವರೇ ಕೀಳುವುದು, ಬಿಸಿಲೆ ಘಾಟಿಯ ಕಡೆಯಿಂದ ಗುಡುಗಿನ ಮೊದಲ ಸದ್ದು ಬಂದರೆ ಸಾಕು, ಇದ್ದ ಕೆಲಸ ಬಿಟ್ಟು ಏಳುತ್ತಾರೆ, ಟೀವಿ, ಮಿಕ್ಸಿ, ಫ್ರಿಜ್ಜು, ಕೊನೆಗೆ ಅವಳ ಕೋಣೆಗೆ ಬಂದು ಕಂಪ್ಯೂಟರು, ಹೆಬ್ಬೆರಳಿಗೆ ಎರಡು ಬೆರಳು ಸೇರಿಸಿ ಪ್ಲಗ್ಗು ಹಿಡಿದು ಒಂದೇ ಎಳೆತ, ಕಿತ್ತ ವೈರನ್ನು ಕಿಟಕಿ ಸರಳಿಗೆ ಸುತ್ತಿ ನೇತುಹಾಕುವುದು, ಕಣ್ಣಿಗೆ ಕಾಣಬೇಕು ಮಗಾ, ಕಿತ್ತಿದೀವೋ ಇಲ್ವೋ ಅನ್ನೋ ಅನುಮಾನ ಇರಬಾರದು, ಅನ್ನುತ್ತಿದ್ದರು, ಅನುಮಾನ ಇರಬಾರದಂತೆ, ಅಯ್ಯೋ ಶಿವನೇ. ಆ ಮಧ್ಯಾಹ್ನವೂ ಬಂದರು, ಅವಳು ಎಡಿಟಿಂಗ್ ಮಾಡುತ್ತಿದ್ದಳು, ಆರಿಸಮ್ಮಾ ಬೇಗ ಅಂದರು, ಆರಿಸಿದಳು, ಕಿತ್ತರು, ಸುತ್ತಿದರು, ಮೂರು ಹಿತ್ತಾಳೆ ಕಡ್ಡಿ ಹೊರಕ್ಕೆ ಮುಖ ಮಾಡಿ ಸರಳಿನಲ್ಲಿ ತೂಗಾಡುತ್ತಿದ್ದವು, ಅಂಗಳದಲ್ಲಿ ಒಣಗಲು ಹಾಕಿದ್ದ ಕಾಫಿ ಬೀಜ ಒಳಗೆ ತರಬೇಕೆಂದು ಅವರು ಹೊರಗೆ ಹೋದರು, ಅಮ್ಮನೂ ಗೋಣಿ ಹಿಡಿದು ಓಡಿದಳು, ಕೋಣೆಯಲ್ಲಿ ಅವಳೊಬ್ಬಳೇ. ಬೇಕೂಂತ ಎದ್ದದ್ದಲ್ಲ, ಅಲ್ಲ, ಬೇಕೂಂತಲೇ ಎದ್ದದ್ದು, ಯಾರೂ ಕೇಳದ ಕಡೆ ಇನ್ಯಾರಿಗೆ ಸುಳ್ಳು ಹೇಳುತ್ತೀಯೆ, ಕೈ ಹೋಯಿತು, ಸರಳಿನಿಂದ ವೈರು ಬಿಚ್ಚಿತು, ಪ್ಲಗ್ಗನ್ನು ವಾಪಸ್ಸು ಒಳಗೆ ಒತ್ತಿತು, ಸ್ವಿಚ್ಚೂ ಹಾಕಿತು, ಕೈ ಕೈ ಅಂತ ಕೈಯ ಮೇಲೆ ಹಾಕಬೇಡ, ನೀನು, ನೀನೇ. ಸಿಡಿಲಿಗೆ ಕೆಟ್ಟರೆ ಕೆಡಲಿ, ಇಲ್ಲದಿದ್ದರೆ ಬೇಡ, ಅಂತ ಅಂದುಕೊಂಡು ಅಂಗಳಕ್ಕೆ ಬಂದು ಅವರ ಜೊತೆ ಬೀಜ ಬಾಚಿದಳು, ಎಷ್ಟು ಚುರುಕಾಗಿ ಬಾಚುತ್ತಾಳೆ ನೋಡು ನನ್ನ ಮೊಮ್ಮಗಳು ಅಂತ ಅಜ್ಜಯ್ಯ ನಕ್ಕರು, ಆಗ ಬಿತ್ತು ಸಿಡಿಲು, ಮನೆ ಹಿಂದಿನ ಸಿಲ್ವರ್ ಓಕ್ ಮರಕ್ಕೋ ಕರೆಂಟು ಕಂಬಕ್ಕೋ, ಕಿವಿ ಗುಂಯ್ ಅಂದು ಏನೂ ಕೇಳಿಸಲಿಲ್ಲ, ಆಮೇಲೆ ವಾಸನೆ, ರಬ್ಬರು ಸುಟ್ಟ ವಾಸನೆ, ಮತ್ತು ಕೋಣೆಯಿಂದ ಅಮ್ಮನ ದನಿ — ಮಾವ, ಕಂಪ್ಯೂಟರ್ ಪ್ಲಗ್ಗು ಕೀಳಲೇ ಇಲ್ವಲ್ಲ ನೀವು. ಅಜ್ಜಯ್ಯ ಬಾಗಿಲಲ್ಲಿ ನಿಂತರು, ಪಂಚೆ ತುದಿಯಿಂದ ನೀರು ಇಳಿಯುತ್ತಿತ್ತು, ಕಿತ್ತಿದ್ದೆನಲ್ಲಮ್ಮಾ ಸುಲೋಚನಾ, ಅಂದರು, ಕಿಟಕಿ ಸರಳು ನೋಡಿದರು, ಗೋಡೆಯ ಪ್ಲಗ್ಗು ನೋಡಿದರು, ಮತ್ತೆ ಸರಳು, ಮತ್ತೆ ಪ್ಲಗ್ಗು. ಅವಳ ಕಡೆ ನೋಡಲೇ ಇಲ್ಲ. ಅವಳ ಮೇಲೆ ಅನುಮಾನ ಪಡಬಹುದು ಅನ್ನುವುದು ಅವರ ತಲೆಗೇ ಬರಲಿಲ್ಲ, ಬಂದಿದ್ದರೆ ಎಷ್ಟೋ ವಾಸಿ ಇತ್ತು.

ಮೊದಲು ಜಗಳಕ್ಕೇ ನಿಂತರು, ನಾನು ಕಿತ್ತಿದ್ದೆ, ಈ ಕೈಲೇ ಕಿತ್ತಿದ್ದೆ, ಅಂತ, ಅಪ್ಪ ಆಯ್ತು ಬಿಡಪ್ಪಾ ವಯಸ್ಸಾಯ್ತು ಅಂದರು, ಬೈದಿದ್ದರೂ ಆಗುತ್ತಿತ್ತು, ಮೆತ್ತಗೆ ಅಂದರು, ಆ ಮೆತ್ತನೆ ಮಾತೇ ಕೆಲಸ ಮಾಡಿದ್ದು, ಮರುದಿನ ಬೆಳಿಗ್ಗೆ ಅಜ್ಜಯ್ಯ, ಕಿತ್ತಿದ್ದೆ ಅನ್ಕಂಡೆನೇನೋ, ಅಂದರು, ಆಮೇಲೆ ಒಂದು ಸಂಜೆ ಅವಳ ಪಕ್ಕದಲ್ಲೇ ಕೂತು ತಲೆ ಸವರಿ, ನಂಗೆ ಮರ್ತೇ ಹೋಗ್ಬುಟ್ಟಿತ್ತು ಕಣ್ ಮಗಾ, ನಿನ್ನ ಓದಿಗೆ ಕಲ್ಲು ಹಾಕ್ಬುಟ್ಟೆ, ಅಂದರು. ಆಗ ಹೇಳಬೇಕಿತ್ತು. ಬಾಯಿ ತೆರೆದಿದ್ದಳು, ಆದರೆ ಹೊರಗೆ ಬಂದದ್ದು ಪರವಾಗಿಲ್ಲ ಬಿಡಿ ಅಜ್ಜಯ್ಯ, ಪರವಾಗಿಲ್ಲ ಅಂತ ಕ್ಷಮಿಸಿದ್ದಳು ಮಹಾತಾಯಿ, ಆ ಕ್ಷಮೆಯನ್ನು ಅವರು ಎರಡೂ ಕೈಯಲ್ಲಿ ಇಸ್ಕೊಂಡರು. ಎಂಥ ತಲೆ ಅದು, ಆಲೂರು ಸಂತೆಯಲ್ಲಿ ಮೆಣಸು ಏಲಕ್ಕಿ ವ್ಯಾಪಾರ ಮಾಡಿ ಒಂದು ಚೀಟಿಯನ್ನೂ ಬರೆದಿಟ್ಟವರಲ್ಲ, ಯಾರ ಮನೆ ಹುಡುಗಿ ಯಾವ ಊರಿಗೆ, ಯಾವ ಹೊಲದ ಬದು ಯಾವ ಹಲಸಿನ ಮರದಿಂದ ಯಾವ ಮರದವರೆಗೆ, ಎಲ್ಲಾ ಬಾಯಲ್ಲೇ, ಊರಿನವರು ತಕರಾರು ಬಂದರೆ ಶಾಂತಮಲ್ಲಪ್ಪನ್ನ ಕೇಳನ ಅಂತ ಜಗುಲಿಗೆ ಬರುತ್ತಿದ್ದರು, ಮೊನ್ನೆಯೂ ಬಂದರು, ಪಕ್ಕದ ಹೊಲದ ಪರಮಶಿವಯ್ಯ, ತಮ್ಮನ ಮಕ್ಕಳ ಜೊತೆ ಬಾವಿ ದಾರಿಯ ವ್ಯಾಜ್ಯ, ದಾರಿ ಎಲ್ಲಿತ್ತು ಅಂತ ನೀವೊಂದು ಮಾತು ಹೇಳಿದ್ರೆ ಮುಗಿದೋಗುತ್ತೆ ಯಜಮಾನ್ರೇ ಅಂದರು. ಅಜ್ಜಯ್ಯ, ನನ್ನ ಮಾತು ಕಟ್ಕಂಡು ಯಾರಿಗೂ ಅನ್ಯಾಯ ಆಗೋದು ಬ್ಯಾಡ ಪರಮಶಿವ, ನಂಗೀಗ ಕಂಡಿದ್ದು ಯಾವ್ದು ಅನ್ಕಂಡಿದ್ದು ಯಾವ್ದು ಗೊತ್ತಾಗಕಿಲ್ಲ, ಅಂದರು. ಕೊಟ್ಟ ಕಾಫಿ ಕುಡಿಯದೇ ಪರಮಶಿವಯ್ಯ ಎದ್ದು ಹೋದರು. ಅಜ್ಜಯ್ಯನಿಗೆ ಆ ದಾರಿ ಗೊತ್ತಿತ್ತು, ಅವಳಿಗೇ ಎಷ್ಟು ಸಲ ತೋರಿಸಿದ್ದಾರೆ, ನೇರಳೆ ಮರದ ಬುಡದಿಂದ ಅಂತ, ಅವಳು ಅಲ್ಲೇ ಇದ್ದಳು, ಅದನ್ನೂ ಹೇಳಲಿಲ್ಲ. ಈಗ ಗ್ಯಾಸ್ ಆರಿಸಿದೀವಾ ಅಂತ ಎದ್ದು ಹೋಗಿ ನೋಡುತ್ತಾರೆ, ಬಂದು ಕೂತು ಮತ್ತೆ ಹೋಗುತ್ತಾರೆ, ಪೂಜೆಯಲ್ಲಿ ಲಿಂಗ ಕೈಯಲ್ಲಿ ಹಿಡಿದು ಮಂತ್ರ ನಿಲ್ಲಿಸಿ ವಿಭೂತಿ ಇಟ್ಕೊಂಡೆನಾ ಅಂತ ಹಣೆ ಮುಟ್ಟಿಕೊಳ್ಳುತ್ತಾರೆ, ಮತ್ತು ಆ ಕೈ, ಸುಮ್ಮನೆ ಕೂತಾಗ ಮಂಡಿಯ ಮೇಲೆ ಆ ಹೆಬ್ಬೆರಳು, ಆ ಎರಡು ಬೆರಳು ಒಂದಾಗಿ ಗಾಳಿಯಲ್ಲಿ ಏನನ್ನೋ ಹಿಡಿದು ಎಳೆಯುತ್ತವೆ, ಬಿಡುತ್ತವೆ, ಮತ್ತೆ ಎಳೆಯುತ್ತವೆ. ಕೈಗೆ ನೆನಪಿದೆ. ಕೈ ಹೇಳುತ್ತಿರುವುದನ್ನು ತಲೆ ನಂಬುತ್ತಿಲ್ಲ, ನಂಬದ ಹಾಗೆ ಮಾಡಿದವಳು ಇಲ್ಲಿ ನಿಂತು ಕೀಬೋರ್ಡಿನ ಬಣ್ಣ ನೋಡುತ್ತಿದ್ದಾಳೆ.

ಮ್ಯಾಕ್‌ನಲ್ಲೇ ಡೆಸ್ಕ್‌ಟಾಪೂ ಐತೆ ಅಂತ ಮುನೀರಣ್ಣ ಇನ್ನೊಂದು ಡಬ್ಬಿ ತೆಗೆದ, ಊಟದ ಡಬ್ಬಿಯಷ್ಟೇ ಇದೆ, ಇದಕ್ಕೆ ಪರದೆ ಕೀಬೋರ್ಡು ಬೇರೆ ಹಾಕ್ಬೇಕು, ಕೆಲಸಕ್ಕೆ ಗಟ್ಟಿ, ಪರದೆ ದೊಡ್ಡದು, ಎಡಿಟಿಂಗ್‌ಗೆ ಕಣ್ಣಿಗೂ ಒಳ್ಳೇದು, ಆದ್ರೆ ಮನೇಲೇ ಇರ್ಬೇಕು, ಲ್ಯಾಪ್‌ಟಾಪ್ ಆದ್ರೆ ಕಾಲೇಜಿಗೂ ತಗಂಡೋಗು ಬಸ್ಸಲ್ಲೂ ತೆಗಿ, ಯೋಚ್ನೆ ಮಾಡು ಅಂದ, ಅವಳು ಯೋಚಿಸಬೇಕಾಗಿರಲಿಲ್ಲ, ತಿಂಗಳುಗಟ್ಟಲೆ ವಿಡಿಯೋ ನೋಡಿ ನೋಡಿ ತೀರ್ಮಾನ ಆಗಿತ್ತು, ಲ್ಯಾಪ್‌ಟಾಪೇ, ಬೆಳ್ಳಿ ಬಣ್ಣದ್ದೇ. ಅಷ್ಟರಲ್ಲಿ ಅಜ್ಜಯ್ಯ ಬೆಂಚಿನಿಂದ, ಇದ್ಕೆ ವೈರು ಎಲ್ಲೈತಪ್ಪಾ ಮುನೀರಾ, ಅಂದರು. ಒಳಗೇ ಬ್ಯಾಟ್ರಿ ಐತೆ ಅಜ್ಜ, ಚಾರ್ಜ್ ಮಾಡ್ಕಂಡು ಕಿತ್ತಿಟ್ಬುಟ್ರೆ ಮುಗೀತು. ಸಿಡ್ಲು ಬಂದ್ರೆ? ಮಡಚಿ ಪಕ್ಕಕ್ಕಿಟ್ರಾಯ್ತು. ಓಡಾಡ್ಕಂಡು ಕೀಳೋದು ಏನೂ ಇಲ್ಲ? ಏನೂ ಇಲ್ಲ ಅಜ್ಜ. ಹಂಗಾದ್ರೆ ಇದೇ ಇರ್ಲಿ, ನನ್ನಂಥೋರು ಇರೋ ಮನೆಗೆ ಇದೇ ಸರಿ, ಅಂದರು ಅಜ್ಜಯ್ಯ, ನಗುತ್ತಲೇ ಅಂದರು, ಮುನೀರಣ್ಣನೂ ನಕ್ಕ, ಅವಳಿಗೆ ಬೇಕಾದದ್ದನ್ನೇ ಅವರು ಕೈಯಾರೆ ಎತ್ತಿ ಕೊಡುತ್ತಿದ್ದಾರೆ, ಅದರ ಜೊತೆಗೆ ತಮ್ಮನ್ನೂ ಲೆಕ್ಕದಿಂದ ಹೊಡೆದುಹಾಕಿಕೊಳ್ಳುತ್ತಿದ್ದಾರೆ. ಡೆಸ್ಕ್‌ಟಾಪೇ ಕೊಡಿ ಮುನೀರಣ್ಣ, ಅಂದಳು, ತನ್ನ ದನಿಯೇ ತನಗೆ ಅಪರಿಚಿತ, ಯಾಕಮ್ಮಾ ಈಗ ತಾನೇ, ಅಂತ ಅವನು ಶುರುಮಾಡಿದ, ಇಲ್ಲ, ಅದೇ ಸಾಕು, ಅದೇ ಒಳ್ಳೇದು, ಮನೆಯಲ್ಲೇ ಇರುತ್ತೆ, ವೈರು ಇರುತ್ತೆ, ಗುಡುಗಿದರೆ ಅಜ್ಜಯ್ಯ ಏಳುತ್ತಾರೆ, ಕಿತ್ತು ಸರಳಿಗೆ ಸುತ್ತುತ್ತಾರೆ, ಹಳೇ ಹಾಗೇ, ಎಲ್ಲಾ ಹಳೇ ಹಾಗೇ, ಎಷ್ಟು ಸುಲಭ, ನಿಜ ಹೇಳದೇ ನಿಜದ ಬೆಲೆ ತೆರುವುದು, ಅದೂ ಅವರ ದುಡ್ಡಲ್ಲೇ. ಆದರೆ ಅಜ್ಜಯ್ಯ, ಬ್ಯಾಡ ಮಗಾ, ಅಂದರು, ಎರಡೂ ಕೈ ಮುಂದೆ ಮಾಡಿ ಬೇಡಿಕೊಳ್ಳುವ ಹಾಗೆ, ಅದು ಬ್ಯಾಡ, ಮತ್ತೆ ನಾನು ಮರ್ತ್ರೆ, ಮತ್ತೆ ಅದೂ ಹೋದ್ರೆ, ನಂಗೆ ಗುಡುಗು ಕೇಳಿದ್ರೇ ಕೈಕಾಲೇ ಆಡಕಿಲ್ಲ ಕಣವ್ವಾ ಈಗ. ಅವಳು ಏನು ಮಾಡಿದ್ದಾಳೆಂದು ಅವಳಿಗೆ ಪೂರ್ತಿ ಗೊತ್ತಾದದ್ದು ಆಗಲೇ ಇರಬೇಕು, ಸುಟ್ಟದ್ದು ಕಂಪ್ಯೂಟರಲ್ಲ. ಹೇಳು, ಈಗ ಹೇಳು, ಅಂಗಡಿಯಾದರೇನು, ಮುನೀರಣ್ಣ ಕೇಳಿಸಿಕೊಂಡರೇನು, ನಾಳೆ ಆಲೂರು ತುಂಬ ಆಡಿಕೊಂಡರೇನು, ಅಪ್ಪ ಓದು ಬಿಡಿಸಿದರೇನು, ಅಮ್ಮ ಮುಖ ನೋಡದಿದ್ದರೇನು — ಹೊರಗೆ ಬೀದಿಯಲ್ಲಿ ಬೆಳಕು ಕಂದಿತು, ಬಿಸಿಲೆ ಕಡೆಯಿಂದ ಒಂದು ಸದ್ದು, ದೂರ, ಪಾತ್ರೆ ಸರಿಸಿದ ಹಾಗೆ. ಬಂತಪ್ಪಾ ಅಂತ ಮುನೀರಣ್ಣ ಕೌಂಟರಿನ ಕೆಳಗೆ ಬಗ್ಗಿ ಒಂದೊಂದೇ ಕೀಳತೊಡಗಿದ, ಪ್ರಿಂಟರಿನದು, ಪರದೆಗಳದು, ಬಗ್ಗಿದಲ್ಲಿಂದಲೇ ಕೂಗಿದ, ಅಜ್ಜ, ನಿಮ್ಮ ಬೆನ್ನ ಹಿಂದೆ ಒಂದೈತೆ, ಒಂಚೂರು ಕಿತ್ಬುಡಿ. ಅಜ್ಜಯ್ಯ ತಿರುಗಿದರು. ಹೆಬ್ಬೆರಳು, ಎರಡು ಬೆರಳು, ಒಂದೇ ಎಳೆತ, ಎಷ್ಟು ಚೆಂದ ಬಂತು, ಒಂಚೂರೂ ನಡುಗಲಿಲ್ಲ. ಕಿತ್ತ ಪ್ಲಗ್ಗನ್ನು ಮುಖದ ಹತ್ತಿರ ತಂದುಕೊಂಡು ನೋಡಿದರು, ಗೋಡೆಯ ಖಾಲಿ ತೂತು ನೋಡಿದರು, ಮತ್ತೆ ಕೈ ನೋಡಿದರು, ಆಮೇಲೆ ಅವಳ ಕಡೆ ಚಾಚಿ, ಮಗಾ, ನೋಡು, ಕಿತ್ತಿದೀನಾ, ಅಂದರು. ಕಿತ್ತಿದೀರ ಅಜ್ಜಯ್ಯ, ಅಂದಳು, ಅವತ್ತು ಅನ್ನುವ ಮಾತು ಹಲ್ಲಿನ ಹಿಂದೆ ಬಂದು ನಿಂತಿದೆ, ಅವತ್ತೂ ಕಿತ್ತಿದ್ರಿ, ಇಷ್ಟೇ, ಇಷ್ಟು ಹೇಳಿದರೆ ಮುಗಿಯಿತು, ಅವರು ಅವಳ ಮಾತಿಗೆ ತಲೆ ಆಡಿಸಿದರು, ಆದರೂ ಪ್ಲಗ್ಗು ಕೆಳಗಿಡಲಿಲ್ಲ, ಕೌಂಟರಿನ ಕಡೆ ತಿರುಗಿ, ಮುನೀರಾ, ನೀನೂ ಒಂದ್ಸಲ ನೋಡಪ್ಪಾ, ಅಂತ ಆ ಪ್ಲಗ್ಗನ್ನು ಎತ್ತಿ ಹಿಡಿದರು, ಅಂಗೈ ಮೇಲೆ ಮೂರು ಹಿತ್ತಾಳೆ ಕಡ್ಡಿ, ಎತ್ತಿ ಹಿಡಿದೇ ಇದ್ದಾರೆ, ಅವಳ ಮಾತು ಇನ್ನೂ ಹಲ್ಲಿನ ಹಿಂದೆಯೇ, ಅವತ್ತು ಸರಳಿನಲ್ಲಿ ತೂಗಾಡಿದಂಥವೇ ಮೂರು ಕಡ್ಡಿ, ಮೂರು ಕಡ್ಡಿ